ಗುಹೆಯ ಬಾಯಲ್ಲಿ ಕಂದೀಲಯ್ಯ

ನಮ್ಮ ಮನೆ, ಊಟದ ಮೇಜು
ಶುಕ್ರವಾರ ಸಂಜೆ

ಮುನಿಸಿಕೊಂಡು ಗೆಳೆಯನ ವರ್ಕ್‌ಶಾಪಿನ ಮಹಡಿ ಸೇರಿರುವ ನನ್ನ ಗಂಡನಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದ್ದೇನೆ ಎಂದು ಬರೆಯುತ್ತೀಯ, ನನಗೆ ಸಿಟ್ಟು ಬರುತ್ತದೆ. ನಾನು ಚೆನ್ನಾಗಿಲ್ಲ. ಕೆಲಸವೇನೋ ನಡೆದಿದೆ. ಈ ವಾರ ಒಬ್ಬ ಅಜ್ಜಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟೆ. ಹಾಕಿಕೊಂಡವರೇ ಮೊದಲು ಸೊಸೆಯನ್ನು ಬೈದು ನೋಡಿ, ಸರಿಯಾಗಿ ಕೂತಿದೆ ಎಂದರು. ಇಂಥದ್ದನ್ನು ಹೇಳಿಕೊಂಡು ನಗಲು ಮನೆಯಲ್ಲಿ ಯಾರಿದ್ದಾರೆ? ಫ್ರಿಜ್ಜಿಗೆ ಹೇಳಿದೆ. ಅದೂ ರಿಪೇರಿಯವನಿಲ್ಲದೆ ಗೊರಗೊರ ಅನ್ನುತ್ತಿದೆ.

ಬರೆಯಲು ಕೂತದ್ದು ಆಟದ ವಿಷಯಕ್ಕೆ. ಭಾನುವಾರದ ಆಟ ನಿಂತಿಲ್ಲ, ಈಗಲೂ ನಾನೇ ನಡೆಸುತ್ತೇನೆ. ಕಥೆಯ ಗುಹೆಯಲ್ಲಿ ಎದುರಿಗೆ ಏನಿದೆ ಎಂದು ನಾನು ಹೇಳುವುದು, ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಆಡುವವರು ಹೇಳುವುದು, ಉಳಿದದ್ದು ದಾಳಕ್ಕೆ ಬಿಟ್ಟದ್ದು. ನನ್ನ ತಮ್ಮ, ಕ್ಷೌರದ ಅಂಗಡಿಯವರು, ಮೇಲಿನ ಮನೆ ಟೀಚರ್, ಮೂವರೂ ಬರುತ್ತಾರೆ. ನಿನ್ನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ನಾನೇನೂ ಹೇಳಿಲ್ಲ, ಅವರಾಗಿಯೇ.

ಆಟದ ಹೊಸ ಪುಸ್ತಕ ತಂದಾಗ ನೀನು ಮೂಗು ಮುರಿದಿದ್ದೆ. ಒಂದು ರಾತ್ರಿ ಮಲಗೆದ್ದರೆ ಎಲ್ಲ ಗಾಯವೂ ಮಾಯುತ್ತದೆ, ದೀಪ ಆರುವುದಿಲ್ಲ, ಬುತ್ತಿ ಮುಗಿಯುವುದಿಲ್ಲ, ಇದು ಗುಹೆಯೋ ಮಾವನ ಮನೆಯೋ ಎಂದು ಕೇಳಿದ್ದೆ. ಕಾಲೇಜಿನಲ್ಲಿ ಆಡುತ್ತಿದ್ದ ಹಾಗೆ ಆಡೋಣ, ಭಯವಿಲ್ಲದ ಮೇಲೆ ಆಟವೇನು ಎಂದಿದ್ದೆ. ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಪುಸ್ತಕ ಅದೇ, ಕಟ್ಟಳೆ ಮಾತ್ರ ನಿನ್ನದು. ನಿದ್ದೆಗೆ ವಾಸಿಯಾಗುವುದು ಒಂದೇ ಗಾಯ. ಸತ್ತವರು ಸತ್ತಂತೆಯೇ. ಗುಪ್ತ ಬಾಗಿಲು ಬೇಕಿದ್ದರೆ ಸುಮ್ಮನೆ ದಾಳ ಎಸೆದು ಕೂರುವಂತಿಲ್ಲ, ಯಾವ ಕಲ್ಲನ್ನು ತಟ್ಟುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ದೀಪದ ಎಣ್ಣೆಗೂ ಬುತ್ತಿಗೂ ಲೆಕ್ಕವಿದೆ. ಮೊದಲ ವಾರವೇ ತಮ್ಮನ ದೀಪ ನಡುಗುಹೆಯಲ್ಲಿ ಆರಿತು. "ಅಕ್ಕಾ, ಭಾವ ಇಲ್ದಿದ್ರೂ ಭಾವನ ಕಾಟ ತಪ್ಪಲಿಲ್ಲ" ಎಂದ. ನಗುತ್ತಲೇ ಎಂದ. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ನನ್ನ ದಾಳ ಯಾರಿಗೂ ಕಾಣದಂತೆ ಮುಂದಿಡುತ್ತಿದ್ದ ರಟ್ಟಿನ ಮರೆಯನ್ನೂ ತೆಗೆದಿದ್ದೇನೆ. ದಾಳ ಈಗ ಎಲ್ಲರ ಕಣ್ಣೆದುರೇ ಬೀಳುತ್ತದೆ. ನೀನು ಆಡುವ ಕಂದೀಲಯ್ಯ ಸಾಯಬೇಕಾದ ದಾಳ ಆ ಮರೆಯ ಹಿಂದೆ ಬಿದ್ದಾಗ, ಬದುಕಿದ ಎಂದು ನಾನು ಹೇಳಿದೆ. ನೀನು ಎದ್ದು ಬಗ್ಗಿ ನೋಡಿದೆ. ಕೈತಪ್ಪಲಿದ್ದ ನಿನ್ನ ಕೆಲಸ ಉಳಿಸಲು ನಿಮ್ಮ ಯಜಮಾನರಿಗೆ ನಾನು ಗುಟ್ಟಾಗಿ ಫೋನ್ ಮಾಡಿದ್ದೂ ಅದೇ ವಾರ ಹೊರಬಿತ್ತು. "ನಾನು ಗೆದ್ದಿದ್ದು ಯಾವ್ದು, ನೀನು ಗೆಲ್ಸಿದ್ದು ಯಾವ್ದು ಅಂತಾನೇ ಗೊತ್ತಾಗ್ತಿಲ್ಲ" ಎಂದೆ ನೀನು. ಆ ಕೆಲಸವನ್ನೂ ಬಿಟ್ಟು, ಚೀಲ ಎತ್ತಿಕೊಂಡು ಹೋದೆ. ಫೋನ್ ಮಾಡಿದ್ದು ತಪ್ಪೆಂದು ನನಗೆ ಇನ್ನೂ ಅನ್ನಿಸಿಲ್ಲ, ಸುಳ್ಳೇಕೆ ಹೇಳಲಿ. ನಿನ್ನ ಆ ಮಾತು ಮಾತ್ರ ಗಂಟಲಲ್ಲಿ ಮುಳ್ಳಾಗಿ ಕೂತಿದೆ.

ಈಗ ಕುತ್ತು ಬಂದಿರುವುದು ಕಂದೀಲಯ್ಯನಿಗೆ. ಬಾರದವರ ಪಾತ್ರ ಗುಹೆಯ ಬಾಯಲ್ಲಿ ಕಾವಲು ನಿಲ್ಲುವುದು ನಮ್ಮ ಮೇಜಿನ ಹಳೆಯ ವಾಡಿಕೆಯಲ್ಲವೇ. ನೀನು ಹೋದಂದಿನಿಂದ ಅವನು ಅಲ್ಲೇ ನಿಂತಿದ್ದಾನೆ. ಕಳೆದ ಭಾನುವಾರ ಟೀಚರ್ ಕನ್ನಡಕ ಸರಿಮಾಡಿಕೊಂಡು, ಎಲ್ಲರ ಬುತ್ತಿಗೂ ಲೆಕ್ಕವಿರುವಾಗ ಇವನೊಬ್ಬ ಏನು ತಿಂದು ನಿಂತಿದ್ದಾನೆ ಎಂದು ಕೇಳಿದರು. ಗಾಳಿ ಎಂದೆ. ಯಾರೂ ನಗಲಿಲ್ಲ. ನಿನ್ನದೇ ಕಟ್ಟಳೆಯ ಪ್ರಕಾರ ಅವನ ಬುತ್ತಿ ಎಂದೋ ಮುಗಿದಿದೆ. ಹಸಿದವನು ಉಳಿದನೋ ಇಲ್ಲವೋ ದಾಳವೇ ಹೇಳಬೇಕು. ಕ್ಷೌರದ ಅಂಗಡಿಯವರು ಮೆಲ್ಲಗೆ, "ಒಂದ್ಸಲ ಬಿಟ್ಬಿಡಿ ಅಮ್ಮಾ, ಅವ್ರಿಗೇನು ಗೊತ್ತಾಗುತ್ತೆ" ಎಂದರು. ಬೇಡ ಎಂದವಳು ನಾನು. ಅದನ್ನು ನೋಡಲು ನೀನು ಇರಬೇಕಿತ್ತು.

ಮೊದಲಾಗಿದ್ದರೆ ಅವನ ಜೋಳಿಗೆಗೆ ಯಾರಿಗೂ ಕಾಣದಂತೆ ನಾಲ್ಕು ದಿನದ ಬುತ್ತಿ ತುಂಬಿಬಿಡುತ್ತಿದ್ದೆ. ಈಗಲೂ ಕೈ ತುರಿಸಿದ್ದು ನಿಜ. ಹಾಗೆ ಉಳಿಸಿಕೊಂಡ ಕಂದೀಲಯ್ಯ ನಿನಗೆ ಬೇಡ ಎಂದು ಗೊತ್ತಿದ್ದರಿಂದ ಸುಮ್ಮನಾದೆ.

ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ. ಸುತ್ತಿ ಬಳಸಿ ಬರೆಯುವುದು ನನ್ನಿಂದಾಗದು. ನಿನ್ನ ಹೆಜ್ಜೆ ಸದ್ದೆಂದು ಪೇಪರಿನವನಿಗೂ ಓಡಿಹೋಗಿ ಬಾಗಿಲು ತೆರೆದಿದ್ದೇನೆ, ಗ್ಯಾಸಿನವನಿಗೂ ತೆರೆದಿದ್ದೇನೆ. ಭಾನುವಾರ ನಾಲ್ಕು ಗಂಟೆಗೆ ಬಾ. ಹೇಳಿಸಲು ನಿನ್ನ ಅಕ್ಕನಿಗೆ ಫೋನ್ ಮಾಡಿಲ್ಲ, ನಿನ್ನ ಗೆಳೆಯನ ಕಿವಿಗೂ ಏನೂ ಊದಿಲ್ಲ. ಕೇಳುತ್ತಿರುವವಳು ನಾನು, ಕೇಳುತ್ತಿರುವುದು ನಿನ್ನನ್ನೇ. ಬರುವುದೂ ಬಿಡುವುದೂ ನಿನಗೆ ಸೇರಿದ್ದು.

ಬಾಗಿಲ ಕಡೆಯೇ ಕಿವಿ ಇಟ್ಟಿರುವ,
ನಿನ್ನ ಜಗಳಗಂಟಿ

ತಾ.ಕ.: ಕಂದೀಲಯ್ಯನ ದಾಳ ಕಳೆದ ಭಾನುವಾರವೇ ಬಿದ್ದಾಗಿದೆ. ಉರುಳಿ ನಿಲ್ಲುವ ಮೊದಲೇ ನಾನು ಅದರ ಮೇಲೆ ಸ್ಟೀಲ್ ಲೋಟ ಕವುಚಿದೆ, ಯಾರೂ ನೋಡಿಲ್ಲ. ವಾರವಾಗುತ್ತ ಬಂತು, ಲೋಟ ಮೇಜಿನ ಮೇಲೆ ಹಾಗೆಯೇ ಇದೆ. ಅದರ ಪಕ್ಕದಲ್ಲಿ ಕೂತು ಉಣ್ಣುತ್ತೇನೆ, ಅದನ್ನು ಬಿಟ್ಟು ಸುತ್ತ ಒರೆಸುತ್ತೇನೆ. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ, ಎತ್ತಿ ನೋಡಿಲ್ಲ. ನಂಬುವುದಾದರೆ ಬಂದು ನೀನೇ ಎತ್ತು.