ಕಾಕುವಿನ ಹಿಟ್ಟು, ಕಲ್ಯಾಣಪ್ಪನ ಜೇನು

ಕಮಲಾಪುರ
೧೪-೧-೧೯೯೯

ಜೇವರ್ಗಿ ಕಾಲೋನಿಯ ನನ್ನ ಚಿಕ್ಕಮ್ಮ ಕಾಕುಗೆ ನಮಸ್ಕಾರ. ಮೊದಲು ನಿನ್ನ ಮೆಂತ್ಯದ ಹಿಟ್ಟಿನ ಪರಾಕ್ರಮ ಕೇಳು.

ಗೂಡಿನೊಳಗೆ ಮರಿ ಕೊಳೆತರೆ ಏಳುವ ಗಾಳಿಯನ್ನು ಮೂಸಿ ಹೇಳುವ ನಮ್ಮ ಯಂತ್ರವನ್ನು ನಿನ್ನೆ ಕಲ್ಯಾಣಪ್ಪನೆಂಬ ರೈತನ ಹನ್ನೆರಡು ಜೇನುಪೆಟ್ಟಿಗೆಗಳಿಗೆ ಹಿಡಿದೆ. ಹನ್ನೆರಡಕ್ಕೂ ಮುಳ್ಳು ಕೆಂಪು ಗೆರೆ ದಾಟಿತು. ರೋಗ ಹರಡುವ ಮೊದಲು ಎಲ್ಲವನ್ನೂ ಸುಡಬೇಕು ಎಂದೆ. ಪಾಪ, ಆತ ಸೀಮೆಎಣ್ಣೆ ತಂದಿಟ್ಟ. ಅಷ್ಟರಲ್ಲಿ ಅವನ ಹೆಂಡತಿ ಶಿವಕಾಂತಮ್ಮ ಯಂತ್ರಕ್ಕೆ ಮೂಗು ಹಚ್ಚಿ, “ಸಾಹೇಬ್ರ, ನಿಮ್ಮ ಮಷೀನೇ ಹಿಂಗಿನ ವಾಸನಿ ಹೊಡ್ಯಾಕತ್ತದ. ಚೀಲದಾಗ ಏನದರಿ?” ಎಂದಳು. ನೋಡಿದರೆ ನೀನು ಕೊಟ್ಟ ಡಬ್ಬಿ ಯಂತ್ರದ ಚೀಲದಲ್ಲೇ ಬಿಚ್ಚಿಕೊಂಡು, ಮೂಸುವ ನಳಿಕೆಯ ತುಂಬ ಇಂಗು ಹಾಕಿದ ಹಿಟ್ಟು!

ನಳಿಕೆ ತೊಳೆದು, ಒಣಗಿಸಿ, ಇವತ್ತು ಮತ್ತೆ ಹಿಡಿದೆ. ಮುಳ್ಳು ಅಲುಗಲಿಲ್ಲ. ಹನ್ನೆರಡೂ ಗೂಡು ಆರೋಗ್ಯವಾಗಿವೆ, ಹುಳುಗಳು ಕುಸುಬಿ ಹೂವಿಗೆ ಹೋಗಿಬರುತ್ತಿವೆ. ಅಬ್ಬಾ, ನಿನ್ನೆ ಕಡ್ಡಿ ಗೀರಲಿಲ್ಲ! ಜೇನು ಕಚ್ಚಿ ಊದಿದ ನನ್ನ ಎಡಗಿವಿಯೂ ಇಳಿಯುತ್ತಿದೆ.

ಉಳಿದ ಹಿಟ್ಟನ್ನು ಮೊಸರಲ್ಲಿ ಕಲಸಿಕೊಂಡು ಕಲ್ಯಾಣಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ. ಸೀಮೆಎಣ್ಣೆಯನ್ನು ಮಾತ್ರ, ನಾನು ಊರು ಬಿಡುವ ತನಕ, ಒಳಗಿಟ್ಟು ಬೀಗ ಹಾಕಿದ್ದಾನೆ.

ನಿನ್ನ ಜಯತೀರ್ಥ