ಚಮಚದ ಹಿಡಿ ತೆಳುವಾದದ್ದು

ನ್ಯೂಬರಿಪೋರ್ಟ್,
ನವೆಂಬರ್ 9, 1926

ಪ್ರೀತಿಯ ತಂಗಿ ಲವೀನಿಯಾ,

ಮುತ್ತಜ್ಜಿಯ ಬೆಳ್ಳಿ ಚಮಚವೊಂದು ಐಸ್‌ಕ್ರೀಮ್ ತೆಗೆಯುವಾಗ ಹಿಡಿಯಲ್ಲೇ ಬಾಗಿತೆಂದು ಬರೆದಿದ್ದೀಯ. ಹನ್ನೆರಡನ್ನೂ ಬಾಸ್ಟನ್ನಿನ ಅಕ್ಕಸಾಲಿಗನಿಗೆ ತೋರಿಸುವೆಯಂತೆ. ದಯವಿಟ್ಟು ಬೇಡ.

ಮಕ್ಕಳ ಗಂಜಿಗೂ ಅವನ್ನೇ ಕೊಡುತ್ತೀಯ, ತಪ್ಪು ನಿನ್ನದೇ ಎಂದು ಬರೆದು ಎರಡು ಹಾಳೆ ಹರಿದುಹಾಕಿದೆ. ತಪ್ಪು ನನ್ನದು.

ನಿನ್ನ ಗಂಡ ಏಸಾ ಮೊದಲು ನಮ್ಮ ಮನೆಗೆ ಬರುತ್ತಿದ್ದ ದಿನಗಳು ನೆನಪಿವೆಯೆ? ಸತತ ಐದು ಭಾನುವಾರ ಬಂದ. ಸೇಬಿನ ಪೈ ಬಡಿಸಿದವಳು ನಾನು. "ಹಲ್ಡಾ, ಈ ಚಮಚ ನಿನ್ನ ಕೈಗೇ ಮಾಡಿಸಿದ ಹಾಗಿದೆ" ಅಂದ. ನನಗೆ ಅಷ್ಟೇ ಸಾಕಾಯಿತು. ಅಮ್ಮ ಚಿಕ್ಕಮ್ಮನ ಊರಿಗೆ ಹೋಗಿದ್ದಾಗ ಚಮಚಗಳನ್ನು ಅಕ್ಕಸಾಲಿಗನ ಬಳಿ ಒಯ್ದೆ. ಮದುವೆಯಾಗುವ ಮಗಳ ಹೆಸರಿನ ಮೊದಲಕ್ಷರಗಳನ್ನು ಅಜ್ಜಿ, ಅಮ್ಮಂದಿರ ಅಕ್ಷರಗಳ ಕೆಳಗೆ ಕೆತ್ತಿಸುವುದು ನಮ್ಮ ಮನೆಯ ಪದ್ಧತಿಯಲ್ಲವೆ? ಕೆತ್ತಿಸಿದೆ. ನನ್ನ ಹೆಸರಿನದೊಂದು, ಅವನ ಮನೆತನದ್ದೊಂದು.

ಆರನೆಯ ಭಾನುವಾರ ಅವನು ಮದುವೆಗೆ ನಿನ್ನನ್ನು ಕೇಳಿದ.

ಅಮ್ಮ ಚಮಚ ನೋಡಿ, ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಳು. "ಅವನು ಬಾಯಿಬಿಟ್ಟು ಕೇಳಿದ್ನೇನೇ? ಕೇಳೋಕೆ ಮುಂಚೆನೇ ಕೆತ್ತಿಸ್ಕೊಂಡು ಕೂತಿದ್ದೀಯಲ್ಲ" ಅಂದಳು. ಮರುದಿನವೇ ನನ್ನ ಅಕ್ಷರಗಳನ್ನು ಉಜ್ಜಿ ತೆಗೆಸಿ, ಅದೇ ಜಾಗದಲ್ಲಿ ನಿನ್ನವನ್ನು ಕೆತ್ತಿಸಿದಳು. ಹಿಡಿ ತೆಳುವಾದದ್ದು ಹಾಗೆ. ನಿನ್ನ ಮದುವೆಯ ಊಟಕ್ಕೆ ಆ ಚಮಚಗಳನ್ನು ಜೋಡಿಸಿಟ್ಟವಳೂ ನಾನೇ.

ಉಜ್ಜಿದ ಅಕ್ಷರ ಪೂರ್ತಿ ಹೋಗುವುದಿಲ್ಲ. ಬೆಳ್ಳಿಯ ಮೇಲೆ ಬಾಯಿಯ ಹಬೆ ಊದಿದರೆ ನಿನ್ನ ಅಕ್ಷರಗಳ ಹಿಂದಿನಿಂದ ನನ್ನವು ಮೂಡುತ್ತವೆ. ಯಾವ ಅಕ್ಕಸಾಲಿಗನೂ ಮೊದಲು ಮಾಡುವ ಕೆಲಸ ಅದೇ. ಪರರ ಬಾಯಲ್ಲಿ ನೀನು ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಇಪ್ಪತ್ತೆರಡು ವರ್ಷ ನಿನ್ನನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದೇನೆ, ಲವೀನಿಯಾ. ನಿನ್ನ ಮಕ್ಕಳನ್ನು ಎತ್ತಿ ಆಡಿಸುವಾಗಲೂ. ಬಾಗಿದ ಚಮಚವನ್ನು ನನಗೆ ಕೊಟ್ಟುಬಿಡು. ಉಳಿದ ಹನ್ನೊಂದೂ ನಿನ್ನವೇ.

ನಿನ್ನ ಅಕ್ಕ,
ಹಲ್ಡಾ

ಬರೆಯಬಾರದೆಂದುಕೊಂಡಿದ್ದ ಒಂದು ಮಾತು: ಇದನ್ನು ಏಸಾನಿಂದ ಮುಚ್ಚಿಡಬೇಕಿಲ್ಲ. ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನಿನ್ನ ಅಡುಗೆಮನೆಯಲ್ಲಿ ಚಮಚ ಒರೆಸುತ್ತಾ ನಾನೇ ಹಬೆ ಊದಿ ಅವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಯಾರಿಗೂ ಹೇಳಲ್ಲ ಬಿಡು" ಅಂದ. ನಿನಗೂ ಹೇಳಿಲ್ಲವೆಂದು ನಿನ್ನ ಕಾಗದದಿಂದ ಗೊತ್ತಾಯಿತು. ಅವನು ಮಾತು ಉಳಿಸಿಕೊಂಡನಲ್ಲ ಎಂದು ಆ ಕಾಗದವನ್ನು ನಾಲ್ಕು ಸಲ ಓದಿದೆ.