ಬೆಳಕು ಬಂದ ಕಡೆ ನೋಡಬೇಡ

ನಂದಿದುರ್ಗ ಲೈನು, ಕೆ.ಜಿ.ಎಫ್.
೧೪ ಜುಲೈ ೨೦೨೪

ಪ್ರೀತಿಯ ತಮ್ಮ ನಾಗೇಶನಿಗೆ ಅಕ್ಕನ ಆಶೀರ್ವಾದ.

ಬಂಗಾರಪೇಟೆ ಎಷ್ಟು ದೂರ, ಬಂದು ಹೇಳಬಾರದಿತ್ತೇ ಎಂದು ಬೈಯಬೇಡ. ಬಂದರೆ ನಿನ್ನ ಮಗಳು ಶ್ವೇತ ಕಾಫಿ ಲೋಟ ಹಿಡಿದು ಎದುರು ನಿಲ್ಲುತ್ತಾಳೆ, ನನ್ನ ಬಾಯಿ ಕಟ್ಟಿಹೋಗುತ್ತದೆ. ಫೋನ್ ಮಾಡಿದರೆ ಯಾರೋ ಕದ್ದು ಕೇಳುತ್ತಾರೆಂದು ನನ್ನ ಮಗ ಗೋಪಿ ಕಿತ್ತುಕೊಳ್ಳುತ್ತಾನೆ. ಅದಕ್ಕೇ ಈ ಕಾಗದ, ಅದೂ ತಡವಾಗಿ.

ಗೋಪಿಯನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿದೆ. ಅಲ್ಲಿ ಕಣ್ಣೋಟದ ಪರೀಕ್ಷೆ ಮಾಡಿದರು. ಪರದೆಯ ಮೇಲೆ ಒಂದು ಚುಕ್ಕೆ ಓಡಾಡುತ್ತದೆ, ತಲೆ ಅಲ್ಲಾಡಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ಇವನ ಕಣ್ಣು ಚುಕ್ಕೆಗಿಂತ ಹಿಂದುಳಿದು, ಆಮೇಲೆ ಹಾರಿ ಹಾರಿ ಅದನ್ನು ಹಿಡಿಯುತ್ತಿತ್ತು. ಆಮೇಲೆ, ಬೆಳಕು ಬಂದ ಕಡೆ ನೋಡಬೇಡ, ಅದರ ಎದುರು ಬದಿಗೆ ನೋಡು ಎಂದರು. ಕಣ್ಣು ಮತ್ತೆ ಮತ್ತೆ ಬೆಳಕಿನ ಕಡೆಗೇ ಹೋಯಿತು. "ಅಮ್ಮಾ, ನಾನು ಬ್ಯಾಡ ಅಂದ್ರೂ ಅದು ಓಯ್ತದೆ," ಎಂದ.

ಕಣ್ಣು ಚೆನ್ನಾಗಿದೆಯಂತೆ, ಅದನ್ನು ತಡೆದು ನಿಲ್ಲಿಸುವ ಮಿದುಳಿನ ಹಿಡಿತ ಸಾಲದಂತೆ. ಇದೊಂದರಿಂದಲೇ ಕಾಯಿಲೆ ಹೇಳುವುದಿಲ್ಲ, ಅವನ ಅನುಮಾನ, ಒಂಟಿತನ, ವಿಚಿತ್ರ ನಂಬಿಕೆ ಎಲ್ಲ ಸೇರಿಸಿ ನೋಡಿದ್ದೇವೆ, ಸ್ಕಿಜೋಫ್ರೇನಿಯಾಕ್ಕೆ ಹತ್ತಿರದ ವ್ಯಕ್ತಿತ್ವದ ತೊಂದರೆ ಎಂದರು ಡಾಕ್ಟರಮ್ಮ.

ನಮಗೆ ಹೇಗೆ ಗೊತ್ತಾಗಬೇಕಿತ್ತು ಹೇಳು? ತೀರಿಕೊಂಡ ನಿನ್ನ ಭಾವ ಯಾರ ಮುಖವನ್ನೂ ನೆಟ್ಟಗೆ ನೋಡಿದವರಲ್ಲ. ಗಣಿಯೊಳಗೆ ತಲೆಯ ಮೇಲಿನ ದೀಪ ಎದುರಿನವನ ಕಣ್ಣಿಗೆ ಹೊಡೆಯಬಾರದೆಂದು ಮುಖ ಓರೆ ಮಾಡುವ ಅಭ್ಯಾಸ, ಮನೆಯಲ್ಲೂ ಹಾಗೇ. ಗೋಪಿ ಮುಖ ತಿರುಗಿಸಿದಾಗೆಲ್ಲ "ಅಪ್ಪನ ಮಗಾನೇ ಕಣ್ಲಾ ನೀನು," ಎಂದು ಲೈನುಮನೆಗಳ ಜನರೆಲ್ಲ ನಗುತ್ತಿದ್ದರು.

ರಕ್ತಸಂಬಂಧಿಗಳನ್ನೂ ನೋಡಬೇಕೆಂದು ನನ್ನನ್ನೂ ಕೂರಿಸಿದರು. ನನ್ನ ಕಣ್ಣೂ ಬೆಳಕಿನ ಕಡೆಗೇ ಓಡಿತು. ನನಗೆ ಕಾಯಿಲೆ ಇಲ್ಲವಂತೆ, ಆದರೆ ಇದು ನನ್ನ ಮನೆತನದಿಂದ ಹರಿದು ಬಂದಿರಬಹುದಂತೆ. ನನ್ನ ತವರೆಂದರೆ ನಿನ್ನ ಮನೆಯೇ ತಾನೆ? ಸೋದರಮಾವನ ಮಗಳನ್ನು ತರುವ ನಮ್ಮ ಪದ್ಧತಿ ಈ ಸಲ ಬೇಡ ನಾಗೇಶ. ಶ್ವೇತಳಿಗೆ ಬೇರೆ ಗಂಡು ನೋಡು. ತೊಟ್ಟಿಲಲ್ಲಿದ್ದಾಗಲೇ ನಾನು ಸೊಸೆ ಎಂದು ಕರೆದ ಮಗು ಅದು.

ಅವಳು ಹೋದ ಮನೆ ತಣ್ಣಗಿರಲಿ. ನಿನಗೂ ದೇವರು ಆಯುಸ್ಸು ಕೊಡಲಿ.

ನಿನ್ನ ಅಕ್ಕ,
ಮುನಿಲಕ್ಷ್ಮಿ

ವಿ.ಸೂ.: ಈ ಮದುವೆ ಬೇಡವೆಂದದ್ದನ್ನು ಗೋಪಿಗೆ ಇನ್ನೂ ಹೇಳಿಲ್ಲ. ದಿನಾ ಕನ್ನಡಿ ಮುಂದೆ ಕೂತು, ತನ್ನ ಮುಖದ ಮೇಲೇ ಕಣ್ಣು ನಿಲ್ಲಿಸಲು ಹೆಣಗುತ್ತಾನೆ. ಯಾಕೋ ಎಂದರೆ, "ಧಾರೆ ದಿನ ತೆರೆ ತೆಗ್ದಾಗ ಶ್ವೇತನ್ನ ನೆಟ್ಟಗೆ ನೋಡ್ಬೇಕಲ್ಲಮ್ಮಾ," ಅನ್ನುತ್ತಾನೆ.